ಲಂಡನ್‌ನಲ್ಲಿ ಡಾಕ್‌ಲೆಸ್ ಇ-ಬೈಕ್‌ಗಳ ನಿಯಂತ್ರಣ

ನಿಗದಿತ ನಿಲ್ದಾಣದ ಹಂಗಿಲ್ಲದೆ, ಮೊಬೈಲ್ ಆ್ಯಪ್ ಮೂಲಕ ಬೀಗ ತೆರೆದು ನಿಮಿಷದ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುವ ವಿದ್ಯುತ್ ಸೈಕಲ್‌ಗಳನ್ನು ಡಾಕ್‌ಲೆಸ್ ಇ-ಬೈಕ್ ಎನ್ನುತ್ತಾರೆ. ಇವು ಲಂಡನ್‌ನ ಬೀದಿಗಿಳಿದ ವೇಗಕ್ಕೆ ಕಾನೂನು ಸರಿಸಾಟಿಯಾಗಲಿಲ್ಲ. ಸುಮಾರು ಒಂದು ದಶಕದಿಂದ ನಡೆದಿರುವ ನಿಯಂತ್ರಣ ಪ್ರಯತ್ನಗಳ ಮುಖ್ಯ ವಿಷಯ ಸವಾರಿಯಲ್ಲ, ನಿಲುಗಡೆ.

ಹಿನ್ನೆಲೆ: ಲಂಡನ್‌ನ ಸಾರ್ವಜನಿಕ ಬಾಡಿಗೆ ಸೈಕಲ್ ಯೋಜನೆ 2010ರ ಜುಲೈನಲ್ಲಿ ಆರಂಭವಾಯಿತು. ಅದರ ಸೈಕಲ್‌ಗಳನ್ನು ನಿಲ್ದಾಣದ ಕಂಬಗಳಿಗೇ ಮರಳಿಸಬೇಕಿತ್ತು. 2017ರ ಜುಲೈನಲ್ಲಿ ಸಿಂಗಪುರದ ಓಬೈಕ್ ಕಂಪನಿ ತನ್ನ ಡಾಕ್‌ಲೆಸ್ ಸೈಕಲ್‌ಗಳನ್ನು ತಂದಿಳಿಸಿತು. ಫುಟ್‌ಪಾತ್‌ಗೆ ಅಡ್ಡವಾಗಿದ್ದವನ್ನು ನಗರದ ವಾಂಡ್ಸ್‌ವರ್ತ್ ಪ್ರದೇಶದ ಸ್ಥಳೀಯ ಆಡಳಿತ ಎತ್ತಿ ಸಾಗಿಸಿತು. ಅದೇ ಸೆಪ್ಟೆಂಬರ್‌ನಲ್ಲಿ ನಗರದ ಸಾರಿಗೆ ಸಂಸ್ಥೆ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ನೀತಿಸಂಹಿತೆಯೊಂದನ್ನು ಪ್ರಕಟಿಸಿತು. ಅದನ್ನು ಪಾಲಿಸುವುದು ಕಡ್ಡಾಯವಾಗಿರಲಿಲ್ಲ.

ಕಾನೂನಿನ ತೊಡಕು: ಮೋಟಾರಿನ ನಿರಂತರ ಸಾಮರ್ಥ್ಯ 250 ವ್ಯಾಟ್ ಮೀರದ, ಗಂಟೆಗೆ 15.5 ಮೈಲಿ ವೇಗದಲ್ಲಿ ಮೋಟಾರಿನ ನೆರವು ನಿಲ್ಲುವ ಪೆಡಲ್ ವಾಹನವನ್ನು ಬ್ರಿಟನ್‌ನ ಕಾನೂನು ಸಾಮಾನ್ಯ ಸೈಕಲ್ ಎಂದೇ ಪರಿಗಣಿಸುತ್ತದೆ. 14 ವರ್ಷ ತುಂಬಿದವರು ಇದನ್ನು ಓಡಿಸಬಹುದು; ಚಾಲನಾ ಪರವಾನಗಿ ಬೇಕಿಲ್ಲ. ಇ-ಸ್ಕೂಟರ್ ಮೋಟಾರು ವಾಹನದ ವ್ಯಾಖ್ಯೆಗೆ ಒಳಪಟ್ಟಿದ್ದರಿಂದ 2021ರಲ್ಲಿ ಅದರ ಬಾಡಿಗೆ ಸೇವೆ ಸರ್ಕಾರದ ಅನುಮತಿ ಪಡೆದ ಪ್ರಯೋಗವಾಗಿಯೇ ಆರಂಭವಾಯಿತು. ಇ-ಬೈಕ್ ಬಾಡಿಗೆಗೆ ಅಂಥ ತಡೆಯೇನೂ ಇರಲಿಲ್ಲ. ಸ್ಥಳೀಯ ಆಡಳಿತಗಳಿಗೆ ಉಳಿದದ್ದು ರಸ್ತೆಯ ಅಡಚಣೆ ತೆಗೆಸಲು 1980ರ ಹೆದ್ದಾರಿ ಕಾಯ್ದೆ ಕೊಡುವ ಅಧಿಕಾರ ಮಾತ್ರ.

ಹಂಚಿಹೋದ ಆಡಳಿತ: ಲಂಡನ್‌ನಲ್ಲಿ ಬರೋ ಎಂಬ 32 ಸ್ಥಳೀಯ ಆಡಳಿತ ವಿಭಾಗಗಳೂ ಸಿಟಿ ಆಫ್ ಲಂಡನ್ ಆಡಳಿತವೂ ಇವೆ. ಸಾರಿಗೆ ಸಂಸ್ಥೆಯ ನೇರ ಹಿಡಿತದಲ್ಲಿರುವುದು ಒಟ್ಟು ರಸ್ತೆಗಳ ಶೇ. 5ರಷ್ಟು ಮಾತ್ರ. ಲೈಮ್ ಕಂಪನಿ 2018ರ ಡಿಸೆಂಬರ್‌ನಲ್ಲಿ ಬ್ರೆಂಟ್ ಮತ್ತು ಈಲಿಂಗ್‌ನಲ್ಲಿ ಇ-ಬೈಕ್ ಸೇವೆ ಆರಂಭಿಸಿದ ಮೇಲೆ ಒಂದೊಂದು ಬರೋ ಒಂದೊಂದು ಬಗೆಯ ಒಪ್ಪಂದ ಮಾಡಿಕೊಂಡಿತು. ಇಡೀ ನಗರಕ್ಕೆ ಒಂದೇ ಉಪವಿಧಿ ತರುವ 2019ರ ಪ್ರಯತ್ನ ಕೈಗೂಡಲಿಲ್ಲ. ಹೀಗಾಗಿ ಬರೋ ಗಡಿ ದಾಟಿದ ಸವಾರನಿಗೆ ಸೈಕಲ್ ಬಿಡುವ ನಿಯಮವೂ ಬದಲಾಗುತ್ತಿತ್ತು. 2025ರಲ್ಲಿ ಹೌನ್ಸ್‌ಲೋ ಬರೋ ಲೈಮ್‌ನ ಬದಲಿಗೆ ಫಾರೆಸ್ಟ್ ಮತ್ತು ವೋಯ್ ಕಂಪನಿಗಳನ್ನು ಆಯ್ದುಕೊಂಡಾಗ ಈ ಬಿರುಕು ಎದ್ದು ಕಂಡಿತು.

ಫುಟ್‌ಪಾತ್‌ನ ಪ್ರಶ್ನೆ: ಅಡ್ಡಬಿದ್ದ ಭಾರದ ಇ-ಬೈಕ್ ಕಣ್ಣಿದ್ದವರಿಗೆ ಕಿರಿಕಿರಿಯಾದರೆ, ಬಿಳಿ ಕೋಲು ಹಿಡಿದು ನಡೆಯುವ ಅಂಧರಿಗೂ ಗಾಲಿಕುರ್ಚಿಯಲ್ಲಿ ಸಾಗುವವರಿಗೂ ಅಪಾಯ. ಅವರು ವಾಹನಗಳ ನಡುವೆ ರಸ್ತೆಗಿಳಿಯಬೇಕಾಗುತ್ತದೆ. ಅಂಗವಿಕಲರ ಸಂಘಟನೆಗಳು ದನಿಯೆತ್ತಿದ್ದು ಇದಕ್ಕಾಗಿಯೇ. ನಿಗದಿತ ನಿಲುಗಡೆ ಜಾಗ, ಸವಾರಿ ಮುಗಿಸುವಾಗ ಸೈಕಲ್ಲಿನ ಫೋಟೊ, ಜಿಪಿಎಸ್ ಗಡಿ, ತಪ್ಪಿದವರಿಗೆ ದಂಡ ಇವೆಲ್ಲ ಕ್ರಮೇಣ ಬಳಕೆಗೆ ಬಂದವು. ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಕೆಲವು ಮೀಟರ್ ತಪ್ಪುವುದರಿಂದ ಗುರುತು ಹಾಕಿದ ಜಾಗಕ್ಕೆ ಬದಲಿಯಿಲ್ಲ. ಅಂಥ ಜಾಗ ಸಾಲದಿದ್ದರೆ ದಂಡವೂ ಫಲ ಕೊಡದು. ತನ್ನ ರಸ್ತೆಗಳಲ್ಲಿ ಗೊತ್ತುಪಡಿಸಿದ ಜಾಗದ ಹೊರಗೆ ಸೈಕಲ್ ಬಿಡಗೊಡುವ ಕಂಪನಿಗಳ ಮೇಲೆ ಕ್ರಮ ಜರುಗಿಸುವುದಾಗಿ ಸಾರಿಗೆ ಸಂಸ್ಥೆ 2024ರ ನವೆಂಬರ್‌ನಲ್ಲಿ ಪ್ರಕಟಿಸಿತು.

ಪರವಾನಗಿಯತ್ತ: 2025ರ ಜುಲೈನಲ್ಲಿ ಬ್ರಿಟನ್ ಸಂಸತ್ತಿನಲ್ಲಿ ಮಂಡನೆಯಾದ ಇಂಗ್ಲೆಂಡಿನ ಅಧಿಕಾರ ವಿಕೇಂದ್ರೀಕರಣ ಮಸೂದೆ, ಬಾಡಿಗೆ ಸೈಕಲ್ ಸೇವೆಗೆ ಪರವಾನಗಿ ನೀಡುವ ಅಧಿಕಾರವನ್ನು ಸ್ಥಳೀಯ ಸಾರಿಗೆ ಪ್ರಾಧಿಕಾರಗಳಿಗೆ ವಹಿಸುವ ಪ್ರಸ್ತಾವವನ್ನು ಒಳಗೊಂಡಿತ್ತು. ಸೈಕಲ್ ಬಳಕೆ ಹೆಚ್ಚಿದಷ್ಟೂ ನಗರಕ್ಕೆ ಒಳಿತೇ. ಆದರೆ ರಸ್ತೆಬದಿಯ ಜಾಗ ಸಾರ್ವಜನಿಕರ ಸ್ವತ್ತು. ಅದನ್ನು ಬಳಸಿ ವ್ಯಾಪಾರ ಮಾಡುವ ಕಂಪನಿ ಅಲ್ಲಿ ನಡೆದಾಡುವ ಪ್ರತಿಯೊಬ್ಬರಿಗೂ ಉತ್ತರದಾಯಿ ಆಗಿರಬೇಕೆಂಬ ತತ್ತ್ವ ಲಂಡನ್‌ನ ಈ ಅನುಭವದಿಂದ ಗಟ್ಟಿಗೊಂಡಿದೆ.