ಹಳೆಯ ಗೋವೆಯ ಇಗರ್ಜಿಗಳು: ಕಲ್ಲು, ಸುಣ್ಣ, ಇತಿಹಾಸ

ಕರಾವಳಿಯ ಕನ್ನಡದಲ್ಲಿ ಕ್ರೈಸ್ತರ ಪ್ರಾರ್ಥನಾಮಂದಿರಕ್ಕೆ 'ಇಗರ್ಜಿ' ಎಂಬ ಹೆಸರುಂಟು. ಅದು ಪೋರ್ತುಗೀಸರ 'ಇಗ್ರೇಜ' ಎಂಬ ಮಾತು; ಕೊಂಕಣಿಯ ಮೂಲಕ ನಮ್ಮ ಕಡೆಗೂ ಬಂದು ಬಳಕೆಯಲ್ಲಿ ನಿಂತಿತು. ಗೋವೆಯ ಹಳೆಯ ರಾಜಧಾನಿಯಲ್ಲಿರುವ ಇಗರ್ಜಿಗಳ ಕಥೆಯೂ ಈ ಮಾತಿನ ಕಥೆಯಂತೆಯೇ ಇದೆ. ಅವುಗಳ ಆಕಾರ ಹಡಗನ್ನೇರಿ ಬಂದದ್ದು. ಕಲ್ಲು, ಸುಣ್ಣ ಮತ್ತು ಕೆಲಸಗಾರರ ಕೈ ಈ ನೆಲದವು. ಇವೆರಡನ್ನೂ ಒಟ್ಟಿಗೆ ನೋಡಬಲ್ಲವನಿಗೆ ಈ ಕಟ್ಟಡಗಳು ಶಾಸನಗಳಷ್ಟೇ ಬೆಲೆಯುಳ್ಳ ದಾಖಲೆಗಳಾಗುತ್ತವೆ. ದಾಖಲೆ ಎಂದ ಮೇಲೆ ಅದು ಅಳಿಯದಂತೆ ಕಾಯುವ ಹೊಣೆಯೂ ಬರುತ್ತದೆ. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಇಷ್ಟೇ.

ಮೊದಲು ಹೆಸರಿನ ಗೊಂದಲವೊಂದನ್ನು ನಿವಾರಿಸಿಕೊಳ್ಳಬೇಕು. ಜುವಾರಿ ನದಿಯ ಕಡೆಗಿರುವ 'ಗೋವಾ ವೆಲ್ಹ' ಗೋವೆಯ ಕದಂಬರ ಗೋಪಕಪಟ್ಟಣವಿದ್ದ ಸ್ಥಳ. ಕನ್ನಡದಲ್ಲಿ ಶಾಸನಗಳನ್ನು ಬರೆಯಿಸಿದ, ಹಲಸಿಯ ಸೀಮೆಯನ್ನೂ ಆಳಿದ ಅರಸುಮನೆತನ ಅದು. ನಾವು ನೋಡಹೊರಟಿರುವ 'ವೆಲ್ಹ ಗೋವಾ' ಬೇರೆ. ಅದು ಮಾಂಡವಿ ನದಿಯ ದಂಡೆಯಲ್ಲಿದೆ. ಬಿಜಾಪುರದ ಆದಿಲಶಾಹಿಯ ಕೈಯಲ್ಲಿದ್ದ ಈ ಪಟ್ಟಣವನ್ನು ಅಫೊನ್ಸೊ ಡಿ ಆಲ್ಬುಕರ್ಕ್ 1510ರ ನವೆಂಬರ್ 25ರಂದು ಗೆದ್ದುಕೊಂಡನು. ಅಂದಿನಿಂದ ಇದು ಪೂರ್ವದೇಶಗಳಲ್ಲಿ ಪೋರ್ತುಗೀಸರ ಪ್ರಮುಖ ನೆಲೆಯಾಗಿ ಬೆಳೆಯಿತು. ಪದೇ ಪದೇ ಬಂದ ಸಾಂಕ್ರಾಮಿಕ ರೋಗಗಳಿಂದ ಜನ ಊರು ಬಿಟ್ಟರು. 1843ರಲ್ಲಿ ರಾಜಧಾನಿಯ ಪಟ್ಟವೂ ಪಣಜಿಗೆ ಹೋಯಿತು.

ನದಿಯ ಕಡೆಯಿಂದ ಪ್ರವೇಶಿಸಿದರೆ ಮೊದಲು ಎದುರಾಗುವುದು ವೈಸರಾಯರ ಕಮಾನು. 1597ರಿಂದ 1600ರವರೆಗೆ ವೈಸರಾಯನಾಗಿದ್ದ ಫ್ರಾನ್ಸಿಸ್ಕೊ ಡ ಗಾಮ ತನ್ನ ಮುತ್ತಾತ ವಾಸ್ಕೊ ಡ ಗಾಮನ ನೆನಪಿಗಾಗಿ ಇದನ್ನು ಕಟ್ಟಿಸಿದನು. ಈಗ ಕಾಣುವುದು ಬಿದ್ದುಹೋದ ಮೇಲೆ 1954ರಲ್ಲಿ ಮತ್ತೆ ಎತ್ತಿ ನಿಲ್ಲಿಸಿದ ಕಮಾನು. ಅಲ್ಲಿಂದ ತುಸು ಮುಂದೆ, ಸಂತ ಕಾಜೆತನರ ಇಗರ್ಜಿಯ ಆವರಣದ ಬಳಿ, ಮೆಟ್ಟಿಲುಗಳ ಮೇಲೆ ಕಪ್ಪುಕಲ್ಲಿನ ಬಾಗಿಲುವಾಡವೊಂದು ಒಂಟಿಯಾಗಿ ನಿಂತಿದೆ. ಇದೇ ಆದಿಲಶಾಹನ ಅರಮನೆಯಲ್ಲಿ ಉಳಿದಿರುವ ಭಾಗ. ಬಾಗಿಲುವಾಡದ ಕೆತ್ತನೆಯಲ್ಲಿ ದಖ್ಖನಿನ ದೇವಾಲಯ ಶಿಲ್ಪಿಯ ಉಳಿ ಎದ್ದು ಕಾಣುತ್ತದೆ. ಕರ್ನಾಟಕದಿಂದ ಹೋದವರು ಇಲ್ಲಿ ತಪ್ಪದೆ ನಿಲ್ಲಬೇಕು. ಪೋರ್ತುಗೀಸರಿಗಿಂತ ಹಿಂದಿನ ಪಟ್ಟಣದ ಗುರುತುಗಳಲ್ಲಿ ಇಲ್ಲಿ ಕಣ್ಣಿಗೆ ಬೀಳುವುದು ಬಹಳ ಕಡಮೆ. 1540ರಲ್ಲಿ ಈ ದ್ವೀಪದ ದೇವಾಲಯಗಳು ನಾಶವಾದವು. 1560ರಲ್ಲಿ ಸ್ಥಾಪನೆಯಾದ ಧರ್ಮವಿಚಾರಣಾ ಸಭೆ 1812ರಲ್ಲಿ ಕೊನೆಗೊಂಡಿತು. ಇಗರ್ಜಿಗಳ ಸೌಂದರ್ಯವನ್ನು ಮೆಚ್ಚುವಾಗ ಈ ಸಂಗತಿಗಳನ್ನು ಮುಚ್ಚಿಡುವುದು ಇತಿಹಾಸಕ್ಕೆ ಸಲ್ಲದು. ಇವುಗಳನ್ನು ಹೇಳಿ ಆ ಸೌಂದರ್ಯವನ್ನು ಅಲ್ಲಗಳೆಯುವುದೂ ಸಲ್ಲದು.

ಸಂತ ಕಾಜೆತನರ ಇಗರ್ಜಿಯನ್ನು ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿದವರು ಇಟಲಿಯ ಥಿಯಾಟಿನ್ ಸಂಘದ ಗುರುಗಳು. ಅವರು ಹೊರಟದ್ದು ಗೋಲ್ಕೊಂಡಕ್ಕೆ. ಅಲ್ಲಿ ಅವಕಾಶ ದೊರೆಯದೆ ಗೋವೆಯಲ್ಲಿ ನೆಲೆಸಿದರು. ರೋಮಿನ ಸಂತ ಪೇತ್ರರ ದೇವಾಲಯವನ್ನು ಮಾದರಿಯಾಗಿಟ್ಟುಕೊಂಡದ್ದರಿಂದ ಇಲ್ಲಿ ಮಧ್ಯದಲ್ಲಿ ದೊಡ್ಡ ಗುಮ್ಮಟವಿದೆ, ಅದರ ಕೆಳಗೆ ಬಾವಿಯೊಂದಿದೆ.

ಪಶ್ಚಿಮಕ್ಕೆ ನಡೆದರೆ 'ಸೆ' ಎಂದು ಕರೆಯುವ ಪ್ರಧಾನ ಇಗರ್ಜಿ. 1562ರಲ್ಲಿ ಆರಂಭವಾದ ಇದರ ಕಟ್ಟಡ 1619ರಲ್ಲಿ ಮುಗಿಯಿತು; ಒಳಗಿನ ಬಲಿಪೀಠಗಳು ಸಿದ್ಧವಾಗುವ ಹೊತ್ತಿಗೆ 1652 ಆಗಿತ್ತು. ಉದ್ದ 76 ಮೀಟರು, ಅಗಲ 55 ಮೀಟರು. ಪಟ್ಟಣವನ್ನು ಗೆದ್ದ ದಿನ ಸಂತ ಕಾತರೀನಳ ಹಬ್ಬವಾಗಿದ್ದುದರಿಂದ ಇಗರ್ಜಿಯನ್ನು ಅವಳಿಗೆ ಅರ್ಪಿಸಲಾಗಿದೆ. ಮುಂಭಾಗದ ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಬಿದ್ದುಹೋಯಿತು, ಮತ್ತೆ ಕಟ್ಟಲಿಲ್ಲ. ಉಳಿದ ಗೋಪುರದಲ್ಲಿ 'ಬಂಗಾರದ ಗಂಟೆ' ಎಂದು ಹೆಸರಾದ ದೊಡ್ಡ ಗಂಟೆಯಿದೆ.

ಅದರ ಪಕ್ಕದ ಅಸ್ಸೀಸಿಯ ಸಂತ ಫ್ರಾನ್ಸಿಸರ ಇಗರ್ಜಿಯಲ್ಲಿ ಎರಡು ಕಾಲಗಳು ಒಂದೇ ಗೋಡೆಯಲ್ಲಿ ಕೂಡಿವೆ. 1661ರಲ್ಲಿ ಇಗರ್ಜಿಯನ್ನು ಹೊಸದಾಗಿ ಕಟ್ಟಿದಾಗ ಹಳೆಯದರ ಹೆಬ್ಬಾಗಿಲನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು. ಪೋರ್ತುಗಲ್ಲಿನ ಮನುವೆಲ್ ರಾಜನ ಕಾಲದ ಶೈಲಿಯ ಕಪ್ಪುಕಲ್ಲಿನ ಈ ಬಾಗಿಲು ಸುತ್ತಲಿನ ಬಿಳಿಯ ಗೋಡೆಯಲ್ಲಿ ಎದ್ದು ಕಾಣುತ್ತದೆ. ಒಳಗೆ ಕಾಲಿಟ್ಟರೆ ನೆಲವೆಲ್ಲ ಮನೆತನದ ಲಾಂಛನಗಳನ್ನು ಕೊರೆದ ಸಮಾಧಿಯ ಕಲ್ಲುಗಳು. ಗೋಡೆಗಳಲ್ಲಿ ಸಂತನ ಜೀವನವನ್ನು ನಿರೂಪಿಸುವ ಮರದ ಹಲಗೆಯ ಚಿತ್ರಗಳು. ಹೊಂದಿಕೊಂಡಿರುವ ಮಠದಲ್ಲಿ 1964ರಿಂದ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಅಲ್ಲಿ ಪೋರ್ತುಗೀಸ್ ಅಧಿಕಾರಿಗಳ ವರ್ಣಚಿತ್ರಗಳ ಜೊತೆಗೆ ಹಿಂದಿನ ಕಾಲದ ಶಿಲ್ಪಗಳೂ ವೀರಗಲ್ಲುಗಳೂ ಒಂದೇ ಮಾಡಿನಡಿ ಇವೆ.

ಬಲಿಪೀಠಗಳ ಬಂಗಾರದ ಮುಲಾಮಿನ ಮರಗೆಲಸವನ್ನು ಯಾರು ಮಾಡಿದರು ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ಕ್ರೈಸ್ತರಲ್ಲದ ಕುಶಲಕರ್ಮಿಗಳಿಂದ ಪವಿತ್ರ ಮೂರ್ತಿಗಳನ್ನು ಮಾಡಿಸಬಾರದೆಂದು 1567ರ ಧರ್ಮಸಭೆ ನಿಷೇಧಿಸಿತು. ನಡೆಯುತ್ತಿದ್ದುದನ್ನಲ್ಲವೆ ನಿಷೇಧಿಸಬೇಕಾಗುವುದು! ಗೋವೆಯ ಹಲವು ಇಗರ್ಜಿಗಳಲ್ಲಿ ಪ್ರವಚನಪೀಠವನ್ನು ಹೊತ್ತ ನಾಗಿನಿಯರನ್ನು ಕಂಡಾಗ ಆ ಮರಕ್ಕೆ ಉಳಿ ಹಿಡಿದವರು ಯಾವ ಕಥೆಗಳನ್ನು ಕೇಳಿ ಬೆಳೆದವರೆಂಬುದು ತಾನಾಗಿ ತಿಳಿಯುತ್ತದೆ.

ರಸ್ತೆಯ ಆಚೆ ಬದಿಗಿರುವುದು ಬೊಂ ಜೇಸು. ಜೆಸ್ವಿತರು 1594ರಲ್ಲಿ ಆರಂಭಿಸಿದ ಈ ಇಗರ್ಜಿ 1605ರಲ್ಲಿ ಪ್ರತಿಷ್ಠೆಗೊಂಡಿತು. 1552ರಲ್ಲಿ ಚೀನದ ತೀರದ ದ್ವೀಪವೊಂದರಲ್ಲಿ ತೀರಿಕೊಂಡ ಸಂತ ಫ್ರಾನ್ಸಿಸ್ ಕ್ಸೇವಿಯರರ ದೇಹ ಇಲ್ಲಿದೆ. ಅದನ್ನಿರಿಸಿದ ಬೆಳ್ಳಿಯ ಪೆಟ್ಟಿಗೆ 1636-37ರಲ್ಲಿ ಗೋವೆಯ ಅಕ್ಕಸಾಲಿಗರು ಮಾಡಿದ್ದು. ಅದರ ಕೆಳಗಿನ ಅಮೃತಶಿಲೆಯ ಪೀಠವನ್ನು ಫ್ಲಾರೆನ್ಸಿನ ಶಿಲ್ಪಿ ಫೊಜ್ಜೀನಿಯಿಂದ ಮಾಡಿಸಿ ಕಳುಹಿಸಿದವನು ಟಸ್ಕನಿಯ ಮೂರನೆಯ ಕೊಸಿಮೊ ಪ್ರಭು. 1698ರಲ್ಲಿ ಅದನ್ನು ಇಲ್ಲಿ ಜೋಡಿಸಲಾಯಿತು. ಇಟಲಿಯ ಶಿಲ್ಪವೂ ಗೋವೆಯ ಬೆಳ್ಳಿಯ ಕುಸುರಿಯೂ ಹೀಗೆ ಒಂದರ ಮೇಲೊಂದು ನಿಂತಿವೆ.

ಆದರೆ ಈ ಇಗರ್ಜಿಯಲ್ಲಿ ಉಪಾಧ್ಯಾಯರು ಹೆಚ್ಚು ಹೊತ್ತು ನೋಡಬೇಕಾದದ್ದು ಹೊರಗೋಡೆಯನ್ನು. ಇತರ ಇಗರ್ಜಿಗಳು ಸುಣ್ಣದಿಂದ ಬೆಳ್ಳಗಿರುವಾಗ ಇದೊಂದು ಕೆಂಪಾಗಿದೆ. ಇದು ಕಟ್ಟಿದವರ ಇಚ್ಛೆಯಲ್ಲ. ಮುಂಭಾಗದ ಕಂಬ, ಅಂಚುಗಳಿಗೆ ವಸಯಿಯಿಂದ ತಂದ ಕಪ್ಪುಕಲ್ಲನ್ನು ಬಳಸಿದರಾದರೂ ಗೋಡೆ ಮಾತ್ರ ಮುರಕಲ್ಲಿನದು. ಮುರಕಲ್ಲು ಗಣಿಯಿಂದ ಕಡಿಯುವಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಆದರೆ ಅದರ ಮೈತುಂಬ ರಂಧ್ರಗಳು, ನೀರನ್ನು ಕುಡಿಯುತ್ತದೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರು ಮಳೆ ಬೀಳುವ ನಾಡಿನಲ್ಲಿ ಸುಣ್ಣದ ಗಾರೆಯೇ ಅದಕ್ಕೆ ಕೊಡೆ. 1950ರ ದಶಕದಲ್ಲಿ, ಪೋರ್ತುಗೀಸರ ಆಳ್ವಿಕೆಯ ಕೊನೆಗಾಲದಲ್ಲಿ, ಜೀರ್ಣೋದ್ಧಾರದ ಹೆಸರಿನಲ್ಲಿ ಆ ಗಾರೆಯನ್ನು ಕೆತ್ತಿ ತೆಗೆದರು. ಕಲ್ಲು ಕಾಣುವಂತಿದ್ದರೆ ಕಟ್ಟಡಕ್ಕೆ ಪ್ರಾಚೀನತೆಯ ಕಳೆ ಬರುವುದೆಂಬುದು ಅವರ ಎಣಿಕೆ. ಅಂದಿನಿಂದ ಮಳೆ ಗೋಡೆಯನ್ನು ಸವೆಸುತ್ತಲೇ ಇದೆ. ಮತ್ತೆ ಗಾರೆ ಹಾಕಬೇಕೆನ್ನುವವರು ಒಂದು ಕಡೆ. ಈ ಕೆಂಪು ರೂಪವೇ ಜನರ ಮನಸ್ಸಿನಲ್ಲಿ ನಿಂತಿದೆ, ಬದಲಾಯಿಸಬಾರದೆನ್ನುವವರು ಇನ್ನೊಂದು ಕಡೆ. ನಮ್ಮ ಅಭಿಪ್ರಾಯ ಮೊದಲಿನವರ ಪರ. ಕಣ್ಣಿಗೆ ರೂಢಿಯಾದದ್ದಕ್ಕಿಂತ ಕಟ್ಟಡದ ಆಯುಷ್ಯ ದೊಡ್ಡದು.

ಅಲಕ್ಷ್ಯದ ಫಲವೇನೆಂಬುದನ್ನು ತಿಳಿಯಲು ಪಶ್ಚಿಮದ ಗುಡ್ಡವನ್ನು ಹತ್ತಿದರೆ ಸಾಕು. 1597ರಿಂದ 1602ರೊಳಗೆ ಎದ್ದ ಸಂತ ಅಗಸ್ತೀನರ ಇಗರ್ಜಿಯ ಗೋಪುರ 46 ಮೀಟರು ಎತ್ತರವಿತ್ತು. 1835ರಲ್ಲಿ ಸರಕಾರ ಧಾರ್ಮಿಕ ಸಂಘಗಳನ್ನು ರದ್ದುಪಡಿಸಲು ಗುರುಗಳು ಹೊರಟುಹೋದರು. ನೋಡುವವರಿಲ್ಲದೆ ಏಳೇ ವರ್ಷಗಳಲ್ಲಿ, 1842ರಲ್ಲಿ, ಮಾಡಿನ ಕಮಾನು ಕುಸಿಯಿತು; 1931ರಲ್ಲಿ ಮುಂಭಾಗವೂ ಗೋಪುರದ ಅರ್ಧವೂ ಉರುಳಿದವು. ಆದರೂ ಆ ಹಾಳು ಮಣ್ಣು ತನ್ನೊಳಗಿನ ಇತಿಹಾಸವನ್ನು ಬಿಟ್ಟುಕೊಡಲಿಲ್ಲ. ಜಾರ್ಜಿಯ ದೇಶದ ರಾಣಿ ಕೆತೆವಾನಳನ್ನು 1624ರಲ್ಲಿ ಪಾರಸಿ ದೇಶದ ಶಿರಾಜಿನಲ್ಲಿ ಕೊಲ್ಲಲಾಯಿತು. ಅವಳ ಅಸ್ಥಿಯನ್ನು ಅಗಸ್ತೀನ ಸಂಘದವರು ಇಲ್ಲಿಗೆ ತಂದಿದ್ದರು. ಪುರಾತತ್ತ್ವ ಇಲಾಖೆಯ ಶೋಧನೆಯಲ್ಲಿ ದೊರೆತ ಎಲುಬನ್ನು ಹೈದರಾಬಾದಿನ ವಿಜ್ಞಾನಿಗಳು ಪರೀಕ್ಷಿಸಿದರು, 2021ರಲ್ಲಿ ಭಾರತ ಅದನ್ನು ಜಾರ್ಜಿಯಕ್ಕೆ ಒಪ್ಪಿಸಿತು.

ಅದೇ ಗುಡ್ಡದ ಅಂಚಿನಲ್ಲಿ, ಹದಿನಾರನೆಯ ಶತಮಾನದ ನಡುವಿನ ಜಪಮಾಲೆಯ ಮಾತೆಯ ಇಗರ್ಜಿ ಇಂದಿಗೂ ಗಟ್ಟಿಯಾಗಿ ನಿಂತಿದೆ. ದುಂಡನೆಯ ಗೋಪುರಗಳು, ಹಗ್ಗ ಹೊಸೆದಂತಹ ಕೆತ್ತನೆ, ಕೋಟೆಯಂತಹ ಮೈಕಟ್ಟು. ಒಳಗೆ ಗವರ್ನರ್ ಗಾರ್ಸಿಯ ಡಿ ಸಾನ ಹೆಂಡತಿ ಕಾತರೀನಳ ಸಮಾಧಿಯಿದೆ. ಅದರ ಬಳ್ಳಿಕೆತ್ತನೆ ಗುಜರಾತದ ಶಿಲ್ಪವನ್ನು ನೆನಪಿಸುತ್ತದೆ. ಹತ್ತಿರದಲ್ಲೇ ಒಂದು ಉಳಿದಿದೆ, ಒಂದು ಅಳಿದಿದೆ.

1986ರಲ್ಲಿ ಈ ಇಗರ್ಜಿಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪಟ್ಟಿಗೆ ಸೇರಿದ ಮಾತ್ರಕ್ಕೆ ಮಳೆ ನಿಲ್ಲುವುದಿಲ್ಲ. ಮಕ್ಕಳನ್ನು ಇಲ್ಲಿಗೆ ಕರೆತರುವ ಉಪಾಧ್ಯಾಯರು ಸಂತರ, ವೈಸರಾಯರ ಹೆಸರುಗಳನ್ನು ಬರೆಯಿಸುವುದರ ಜೊತೆಗೆ ಈ ಕಲ್ಲು ಎಲ್ಲಿಯದು, ಕೆತ್ತಿದವರು ಯಾರು, ಗಾರೆ ಏಕೆ ಬೇಕು ಎಂಬ ಮೂರು ಪ್ರಶ್ನೆಗಳನ್ನೂ ಕೇಳಬೇಕೆಂದು ನಾವು ಬಯಸುತ್ತೇವೆ. ಊರಿಗೆ ಮರಳಿದ ಮೇಲೆ ತಮ್ಮ ಊರಿನ ಗುಡಿ, ಮಸೀದಿ, ಬಸದಿಗಳ ಮುಂದೆಯೂ ಮಕ್ಕಳು ಅವೇ ಪ್ರಶ್ನೆಗಳನ್ನು ಕೇಳುವಂತಾದರೆ ಪ್ರವಾಸ ಸಾರ್ಥಕ.