ಸ್ಕೂಬಾ ಒತ್ತಡ ಮಾಪಕ

ಸ್ಕೂಬಾ ಡೈವಿಂಗ್‌ನಲ್ಲಿ ಬೆನ್ನಿಗೆ ಕಟ್ಟಿದ ಸಿಲಿಂಡರ್‌ನ ಗಾಳಿ ಎಷ್ಟು ಒತ್ತಡದಲ್ಲಿದೆ ಎಂಬುದನ್ನು ತೋರಿಸುವ ಉಪಕರಣವೇ ಒತ್ತಡ ಮಾಪಕ. ಡೈವರ್‌ಗಳು ಇದನ್ನು ಎಸ್‌ಪಿಜಿ ಅಥವಾ ಬರೀ ಗೇಜ್ ಎನ್ನುತ್ತಾರೆ. ಉಸಿರಾಟದ ರೆಗ್ಯುಲೇಟರ್‌ನಲ್ಲಿ ಸಿಲಿಂಡರ್‌ಗೆ ಜೋಡಿಸುವ ಭಾಗವಾದ ಫಸ್ಟ್ ಸ್ಟೇಜ್‌ನಲ್ಲಿರುವ ಅಧಿಕ ಒತ್ತಡದ ಕಿಂಡಿಯಿಂದ ಹೊರಟ ಹೋಸ್‌ನ ತುದಿಗೆ ಇದು ಕೂತಿರುತ್ತದೆ. ಮುಳ್ಳು ಹೇಳುವುದು ಒತ್ತಡವನ್ನೇ ಹೊರತು ಗಾಳಿಯ ಪ್ರಮಾಣವನ್ನಲ್ಲ. ಅದೇ 100 ಬಾರ್ ಎಂದರೆ 12 ಲೀಟರ್ ಸಿಲಿಂಡರ್‌ನಲ್ಲಿ ಸುಮಾರು 1,200 ಲೀಟರ್ ಗಾಳಿ, 15 ಲೀಟರ್‌ನದರಲ್ಲಿ 1,500.

1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾಂ ಅಕ್ವಾ-ಲಂಗ್ ಎಂಬ ಸ್ಕೂಬಾ ಉಪಕರಣವನ್ನು ರೂಪಿಸಿದ ಮೇಲೂ ಬಹುಕಾಲ ಡೈವರ್‌ಗಳು ಗೇಜ್ ಇಲ್ಲದೆಯೇ ಮುಳುಗುತ್ತಿದ್ದರು. ಆಗ ನೆಚ್ಚಿಕೊಂಡಿದ್ದು ಜೆ-ವಾಲ್ವ್ ಎಂಬ ಮೀಸಲು ಕವಾಟವನ್ನು. ಒತ್ತಡ ಇಳಿದಾಗ ಉಸಿರೆಳೆಯುವುದು ಕಷ್ಟವಾಗುತ್ತಿತ್ತು; ಸರಳನ್ನು ಎಳೆದರೆ ಉಳಿದ ಗಾಳಿ ಸಿಗುತ್ತಿತ್ತು. ಆ ಸರಳು ಎಲ್ಲೋ ತಗುಲಿ ಮೊದಲೇ ಕೆಳಗಿಳಿದಿದ್ದರೆ ಮೀಸಲು ಗಾಳಿ ಅರಿವಿಲ್ಲದೆ ಖರ್ಚಾಗಿಬಿಡುತ್ತಿತ್ತು. ಗೇಜ್ ಈ ಕುರುಡುತನವನ್ನು ನೀಗಿಸಿತು.

ಮುಳ್ಳಿನ ಗೇಜ್‌ನ ಒಳಗಿರುವುದು ಫ್ರೆಂಚ್ ಎಂಜಿನಿಯರ್ ಯುಜೆನ್ ಬೂರ್ದೋನ್ 1849ರಲ್ಲಿ ಪೇಟೆಂಟ್ ಪಡೆದ ಬಾಗಿದ ಲೋಹದ ಕೊಳವೆ. ಚಪ್ಪಟೆಯಾದ ಈ ಕೊಳವೆಗೆ ಗಾಳಿ ನುಗ್ಗಿದಾಗ ಅದು ನೆಟ್ಟಗಾಗಲು ಹವಣಿಸುತ್ತದೆ. ಆ ಸಣ್ಣ ಚಲನೆಯನ್ನು ಹಲ್ಲುಗಾಲಿಗಳು ಹಿಗ್ಗಿಸಿ ಮುಳ್ಳನ್ನು ತಿರುಗಿಸುತ್ತವೆ. ಬ್ಯಾಟರಿ ಬೇಕಿಲ್ಲ. ನಿಸ್ತಂತು ಟ್ರಾನ್ಸ್‌ಮಿಟರ್ ಇರುವ ಡೈವ್ ಕಂಪ್ಯೂಟರ್‌ಗಳು ಬಂದ ಮೇಲೂ ಅನೇಕರು ಒಂದು ಮುಳ್ಳಿನ ಗೇಜನ್ನು ಜೊತೆಗಿಟ್ಟುಕೊಳ್ಳುವುದು ಇದಕ್ಕಾಗಿಯೇ. ಈ ರೂಢಿ ಬಿಡಬಾರದಂಥದ್ದು.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಓದಲು ಎಷ್ಟು ಸುಲಭ ಎಂಬುದನ್ನು. ಕಲಕಿದ ನೀರಿನಲ್ಲಿ, ಮಂದ ಬೆಳಕಿನಲ್ಲಿ, ಒಂದೇ ನೋಟಕ್ಕೆ ಮುಳ್ಳು ಎಲ್ಲಿದೆ ಎಂದು ತಿಳಿಯಬೇಕು. ಕತ್ತಲಲ್ಲಿ ಹೊಳೆಯುವ ಮುಖಫಲಕ, ದಪ್ಪ ಅಂಕಿಗಳು, 50 ಬಾರ್‌ಗಿಂತ ಕೆಳಗೆ ಎದ್ದು ಕಾಣುವ ಕೆಂಪು ಪಟ್ಟಿ ಇರಲಿ. ತಾವು ಕಲಿತ ಮಾನ ಬಾರ್ ಆದರೆ ಪಿಎಸ್‌ಐ ಗೇಜ್ ಬೇಡ. ಒಂದು ಬಾರ್‌ಗೆ 14.5 ಪಿಎಸ್‌ಐ ಎಂಬ ಲೆಕ್ಕವನ್ನು ನೀರಿನಡಿ ಮಾಡುತ್ತ ಕೂರಲಾಗದು. ಹಿತ್ತಾಳೆ ಕವಚ, ದಪ್ಪ ಗಾಜಿನ ಗೇಜ್ ಪ್ಲಾಸ್ಟಿಕ್‌ನದಕ್ಕಿಂತ ತೂಕವಾದರೂ ಹೆಚ್ಚು ಬಾಳಿಕೆ ಬರುತ್ತದೆ.

ಬಿಸಿಲಿನಲ್ಲಿದ್ದ ಸಿಲಿಂಡರ್ ನೀರಿಗಿಳಿದಾಗ ಮುಳ್ಳು ತುಸು ಇಳಿಯುವುದು ಸಹಜ: 200 ಬಾರ್ ತುಂಬಿದ್ದರೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.7 ಬಾರ್. ಆದರೆ ಒಂದೊಂದು ಉಸಿರಿಗೂ ಮುಳ್ಳು ಕುಸಿದು ಮತ್ತೆ ಮೇಲೇಳುತ್ತಿದ್ದರೆ ಅದನ್ನು ಕಡೆಗಣಿಸಬಾರದು. ಸಿಲಿಂಡರ್ ವಾಲ್ವ್ ಅರೆಬರೆ ತೆರೆದಿರಬಹುದು, ಇಲ್ಲವೆ ಫಿಲ್ಟರ್ ಕಟ್ಟಿಕೊಂಡಿರಬಹುದು. ಆದ್ದರಿಂದ ದೋಣಿಯಲ್ಲಿಯೇ ಗೇಜ್ ನೋಡುತ್ತ ಕೆಲವು ಸಲ ಆಳವಾಗಿ ಉಸಿರೆಳೆದು ಪರೀಕ್ಷಿಸಬೇಕು.

ವಾಲ್ವ್ ತೆರೆಯುವಾಗ ನಿಧಾನವಿರಲಿ, ಗಾಜು ಯಾರ ಮುಖದ ಕಡೆಗೂ ತಿರುಗಿರದಿರಲಿ. ಒಳಗಿನ ಕೊಳವೆ ಒಡೆದರೆ ಕವಚದಲ್ಲಿ ತುಂಬುವ ಒತ್ತಡವನ್ನು ಹೊರಬಿಡಲು ಸುರಕ್ಷತಾ ಬಿರಡೆ ಇರುತ್ತದೆ; ಅದನ್ನು ಅಂಗೈಯಿಂದ ಮುಚ್ಚಬಾರದು. ಗೇಜನ್ನು ಜೋತುಬಿಟ್ಟು ಈಜಿದರೆ ಅದು ಬಂಡೆಗೆ ಬಡಿಯುತ್ತದೆ, ಹವಳವನ್ನೂ ಮುರಿಯುತ್ತದೆ. ಡೈವಿಂಗ್ ಜಾಕೆಟ್‌ನ ಎಡಗಡೆಯ ಡಿ-ರಿಂಗ್‌ಗೆ ಸಿಕ್ಕಿಸಿಕೊಂಡರೆ ಎರಡೂ ಉಳಿಯುತ್ತವೆ.

ಉಪ್ಪುನೀರಿನ ಡೈವ್ ಮುಗಿದ ಮೇಲೆ ಫಸ್ಟ್ ಸ್ಟೇಜ್‌ನ ಮುಚ್ಚಳವನ್ನು ಒರೆಸಿ ಬಿಗಿದು, ಆಮೇಲೆ ಸಿಹಿನೀರಿನಲ್ಲಿ ತೊಳೆಯಬೇಕು. ಮುಚ್ಚಳ ಸಡಿಲವಿದ್ದರೆ ಒಳಹೊಕ್ಕ ನೀರು ಬೂರ್ದೋನ್ ಕೊಳವೆಯವರೆಗೂ ಹೋಗಿ ಲೋಹವನ್ನು ತಿನ್ನುತ್ತದೆ. ಹೋಸ್ ತುದಿಯ ರಬ್ಬರ್ ಕವಚವನ್ನು ಹಿಂದಕ್ಕೆ ಸರಿಸಿ ತೊಳೆಯುವುದನ್ನು ಹೆಚ್ಚಿನವರು ಮರೆಯುತ್ತಾರೆ, ಉಪ್ಪು ಸೇರಿಕೊಳ್ಳುವುದೇ ಅಲ್ಲಿ. ಮುರ್ಡೇಶ್ವರದ ಬಳಿಯ ನೇತ್ರಾಣಿಯಂಥ ಕಡೆ ಮಳೆಗಾಲದಲ್ಲಿ ಡೈವಿಂಗ್ ನಿಲ್ಲುವುದರಿಂದ ಗೇಜ್ ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿರುತ್ತದೆ. ಒಳಗಿಡುವ ಮುನ್ನ ಚೆನ್ನಾಗಿ ಒಣಗಿಸಿ, ಹೋಸ್ ಮುರಿದು ಮಡಚದಂತೆ ಸಡಿಲವಾಗಿ ಸುತ್ತಬೇಕು. ಗಾಳಿ ಪೂರ್ತಿ ಬಿಟ್ಟಮೇಲೂ ಮುಳ್ಳು ಸೊನ್ನೆಗೆ ಬಾರದಿದ್ದರೆ ಆ ಗೇಜನ್ನು ನಂಬಬಾರದು.

ಹೋಸ್ ಮತ್ತು ಗೇಜ್ ಸೇರುವ ಕಡೆ ಎರಡು ಪುಟ್ಟ ಓ-ರಿಂಗ್‌ಗಳ ಸ್ಪೂಲ್ ಇರುತ್ತದೆ. ಗೇಜ್ ತಿರುಗಿಸಿದಷ್ಟೂ ಅವು ಸವೆದು ಸಣ್ಣ ಗುಳ್ಳೆಗಳು ಬರತೊಡಗುತ್ತವೆ. ಫಸ್ಟ್ ಸ್ಟೇಜ್ ಕಡೆಯ ತುದಿಯಲ್ಲಿರುವ ಸೂಕ್ಷ್ಮ ರಂಧ್ರ ಗಾಳಿಯ ಹರಿವನ್ನು ತಡೆಯುವುದರಿಂದ ಈ ಹೋಸ್ ಒಡೆದರೂ ಸಿಲಿಂಡರ್ ಕ್ಷಣದಲ್ಲಿ ಬರಿದಾಗದು. ಹಾಗೆಂದು ಗುಳ್ಳೆ ಬರುವ ಗೇಜ್‌ನೊಂದಿಗೆ ನೀರಿಗಿಳಿಯಬಾರದು. ಒತ್ತಡ ಪೂರ್ತಿ ಇಳಿಸಿದ ಮೇಲೆ ತರಬೇತಿ ಪಡೆದ ಮೆಕ್ಯಾನಿಕ್ ಸ್ಪೂಲನ್ನು ಸುಲಭವಾಗಿ ಬದಲಿಸಬಲ್ಲ.