ಊಟದ ಮನೆಗೆ ಮರಳಿದ ಚಿಕಿತ್ಸೆ

ಹದಿನೈದರ ಮಗಳು ಊಟ ಬಿಟ್ಟಿದ್ದಾಳೆ. ದಿನದಿಂದ ದಿನಕ್ಕೆ ಸೊರಗುತ್ತಿದ್ದರೂ ತಾನು ದಪ್ಪಗಾಗುತ್ತಿದ್ದೇನೆಂಬ ಭಯ ಅವಳಿಗೆ. ತಾಯಿ ಅಂಗಲಾಚುತ್ತಾಳೆ, ತಂದೆ ಗದರುತ್ತಾನೆ. ತಟ್ಟೆ ಮಾತ್ರ ಹಾಗೇ ಉಳಿಯುತ್ತದೆ. ಇಂಥ ಮನೆಗೆ ವೈದ್ಯರು ಏನು ಹೇಳಬೇಕು? 'ನೀವು ದೂರವಿರಿ' ಎನ್ನಬೇಕೇ, 'ನೀವೇ ಜೊತೆಗೆ ಕುಳಿತು ಉಣಿಸಿ' ಎನ್ನಬೇಕೇ? ಮೊದಲನೆಯ ಉತ್ತರದಿಂದ ಎರಡನೆಯದಕ್ಕೆ ಬರಲು ಪಾಶ್ಚಾತ್ಯ ವೈದ್ಯಶಾಸ್ತ್ರಕ್ಕೆ ನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು.

ಈ ಕಾಯಿಲೆ ಇಂದಿನ ಫ್ಯಾಷನ್ ಲೋಕದ ಸೃಷ್ಟಿ ಎಂದು ಹಲವರು ತಿಳಿದಿದ್ದಾರೆ. ಆದರೆ 1689ರಷ್ಟು ಹಿಂದೆಯೇ ಇಂಗ್ಲೆಂಡಿನ ವೈದ್ಯ ರಿಚರ್ಡ್ ಮಾರ್ಟನ್, ಬೇರಾವ ರೋಗವೂ ಇಲ್ಲದೆ ಊಟ ಸೇರದೆ ಕ್ಷೀಣಿಸಿದ ಒಬ್ಬ ಹುಡುಗಿ ಮತ್ತು ಒಬ್ಬ ಹುಡುಗನ ವಿಷಯ ಬರೆದಿದ್ದರು. ಹುಡುಗಿ ಉಳಿಯಲಿಲ್ಲ. ಹುಡುಗರಿಗೂ ಈ ಕಾಯಿಲೆ ಬರುತ್ತದೆ ಎಂಬುದನ್ನು ಅಂದೇ ಅವರು ಗುರುತಿಸಿದ್ದರು ಎಂಬುದು ಗಮನಾರ್ಹ.

ಕಾಯಿಲೆಗೆ ಸ್ಪಷ್ಟ ರೂಪ ದೊರೆತದ್ದು 1873ರಲ್ಲಿ. ಆ ವರ್ಷ ಪ್ಯಾರಿಸ್ಸಿನ ಶಾರ್ಲ್ ಲಾಸೆಗ್ ಮತ್ತು ಲಂಡನ್ನಿನ ವಿಲಿಯಂ ಗಲ್ ಇದನ್ನು ವಿವರಿಸಿದರು. ಗಲ್ ಕೊಟ್ಟ 'ಅನೊರೆಕ್ಸಿಯಾ ನರ್ವೋಸಾ' ಎಂಬ ಹೆಸರೇ ಇಂದಿಗೂ ಉಳಿದಿದೆ. ಮನೆಯವರ ಬೇಡಿಕೆ, ಬೆದರಿಕೆಗಳು ರೋಗಿಯ ಹಟದೊಂದಿಗೆ ಹೇಗೆ ಹೆಣೆದುಕೊಳ್ಳುತ್ತವೆ ಎಂಬುದನ್ನು ಲಾಸೆಗ್ ಸೂಕ್ಷ್ಮವಾಗಿ ಕಂಡಿದ್ದರು. ನಿಯಮಿತವಾಗಿ ಆಹಾರ ಕೊಡಲೇಬೇಕು, ಆದರೆ ಆ ಕೆಲಸಕ್ಕೆ ಬಂಧುಗಳು ತಕ್ಕವರಲ್ಲ ಎಂಬುದು ಗಲ್ ಅವರ ಅಭಿಪ್ರಾಯವಾಗಿತ್ತು. ಮುಂದೆ 1880ರ ದಶಕದಲ್ಲಿ ಪ್ಯಾರಿಸ್ಸಿನ ಪ್ರಸಿದ್ಧ ನರರೋಗ ತಜ್ಞ ಶಾರ್ಕೋ, ರೋಗಿಯನ್ನು ತಂದೆತಾಯಿಗಳಿಂದ ಬೇರ್ಪಡಿಸುವುದೇ ಚಿಕಿತ್ಸೆಯ ಮೊದಲ ಹೆಜ್ಜೆ ಎಂದು ಸಾರಿದರು. ಹೆತ್ತವರು ಆಸ್ಪತ್ರೆಯ ಬಾಗಿಲ ಹೊರಗೆ ಉಳಿದರು.

ಇಪ್ಪತ್ತನೆಯ ಶತಮಾನದಲ್ಲಿ ಆ ದೂರ ಆರೋಪದ ರೂಪ ತಾಳಿತು. ತಾಯಿಯ ಅತಿಯಾದ ಹಿಡಿತ, ಮನೆಯೊಳಗಿನ ಮುಚ್ಚಿಟ್ಟ ಜಗಳ, ಇವೇ ಕಾಯಿಲೆಯ ಮೂಲವೆಂಬ ವಾದಗಳು ಬೆಳೆದವು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸಾಲ್ವಡಾರ್ ಮಿನುಚಿನ್ ಮತ್ತು ಸಂಗಡಿಗರು ಇಡೀ ಕುಟುಂಬವನ್ನು ಚಿಕಿತ್ಸೆಯ ಕೋಣೆಗೆ ಕರೆದು, ಅಲ್ಲೇ ಊಟಕ್ಕೆ ಕೂರಿಸಿ ಗಮನಿಸತೊಡಗಿದರು. ತಾವು ನೋಡಿದ 53 ರೋಗಿಗಳಲ್ಲಿ ಶೇಕಡಾ 86 ಮಂದಿ ಚೇತರಿಸಿಕೊಂಡರೆಂದು ಅವರು 1978ರ ಗ್ರಂಥದಲ್ಲಿ ವರದಿ ಮಾಡಿದರು. ಆದರೆ ಹೋಲಿಕೆಗೆ ಬೇರೆ ಚಿಕಿತ್ಸೆ ಪಡೆದ ಗುಂಪು ಇರಲಿಲ್ಲ. ಕುಟುಂಬ ಒಳಗೆ ಬಂದಿತು ನಿಜ. ಬಂದದ್ದು ಮಾತ್ರ ಆರೋಪಿಯಾಗಿ.

ಈ ನಡುವೆ ಬೇರೊಂದು ದಿಕ್ಕಿನಿಂದ ಬೆಳಕು ಬಿದ್ದಿತ್ತು. ಎರಡನೆಯ ಮಹಾಯುದ್ಧದ ಕೊನೆಗಾಲದಲ್ಲಿ, 1944-45ರಲ್ಲಿ, ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 36 ಮಂದಿ ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆ ಪಡೆದು, ಆರು ತಿಂಗಳು ಅರೆಹೊಟ್ಟೆಯಲ್ಲಿ ಇರಿಸಿದರು. ಯುವಕರು ಕಳೆಗುಂದಿದರು, ಸಿಡುಕಿದರು, ಸ್ನೇಹಿತರಿಂದ ದೂರ ಸರಿದರು. ಹಗಲಿರುಳೂ ಅವರಿಗೆ ಊಟದ್ದೇ ಯೋಚನೆ. ಉಪವಾಸವೇ ಮನಸ್ಸನ್ನು ಹೀಗೆ ಕೆಡಿಸಬಲ್ಲುದಾದರೆ, ರೋಗಿಯ ಹಟ, ಮೌನ, ಸಿಟ್ಟುಗಳಲ್ಲಿ ಎಷ್ಟು ಪಾಲು ಸ್ವಭಾವದ್ದು, ಎಷ್ಟು ಪಾಲು ಹಸಿವಿನದು? ಮೊದಲು ಹೊಟ್ಟೆ, ಆಮೇಲೆ ಮಾತು ಎಂಬ ತಿಳಿವಳಿಕೆಗೆ ಇದು ದಾರಿಯಾಯಿತು.

ನಿರ್ಣಾಯಕ ತಿರುವು ಬಂದದ್ದು ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ. ಅಲ್ಲಿ ದಾದಿಯರು ಪಕ್ಕದಲ್ಲಿ ಕುಳಿತು, ಸಹನೆಯಿಂದ, ಆದರೆ ಪಟ್ಟುಬಿಡದೆ ಉಣಿಸುತ್ತಿದ್ದರು; ತೂಕ ಏರುತ್ತಿತ್ತು. ಮನೆಗೆ ಹೋದ ಮೇಲೆ ಅದು ಮತ್ತೆ ಇಳಿಯುವುದೇ ಸಮಸ್ಯೆ. ದಾದಿ ಮಾಡಬಲ್ಲುದನ್ನು ತಾಯಿತಂದೆ ಕಲಿಯಲಾರರೇ? ಜೆರಾಲ್ಡ್ ರಸೆಲ್, ಜಾರ್ಜ್ ಸ್ಮಕ್ಲರ್, ಕ್ರಿಸ್ಟೋಫರ್ ಡೇರ್ ಮತ್ತು ಐವನ್ ಐಸ್ಲರ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 80 ರೋಗಿಗಳಿದ್ದರು. ಆಸ್ಪತ್ರೆಯಿಂದ ಹೊರಟವರಲ್ಲಿ ಕೆಲವರಿಗೆ ಕುಟುಂಬದೊಂದಿಗೆ, ಉಳಿದವರಿಗೆ ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ, ಒಂದು ವರ್ಷ ಚಿಕಿತ್ಸೆ ನೀಡಲಾಯಿತು. ಹತ್ತೊಂಬತ್ತು ತುಂಬುವ ಮೊದಲೇ ಕಾಯಿಲೆ ಶುರುವಾಗಿ, ಮೂರು ವರ್ಷ ಮೀರದಿದ್ದವರಿಗೆ ಕುಟುಂಬದ ಚಿಕಿತ್ಸೆಯೇ ಹೆಚ್ಚು ಫಲ ಕೊಟ್ಟಿತು. ಆ ಗುಂಪು ಚಿಕ್ಕದು. ಆದರೆ ಐದು ವರ್ಷಗಳ ನಂತರ ನೋಡಿದಾಗಲೂ ಲಾಭ ಉಳಿದಿತ್ತು.

2001ರಲ್ಲಿ ಅಮೆರಿಕದ ಜೇಮ್ಸ್ ಲಾಕ್, ಮಾಡ್ಸ್‌ಲಿಯಲ್ಲಿ ತರಬೇತಿ ಪಡೆದ ಡೇನಿಯಲ್ ಲ ಗ್ರಾಂಜ್ ಮತ್ತು ಸಂಗಡಿಗರು ಈ ವಿಧಾನಕ್ಕೆ ಕೈಪಿಡಿ ಬರೆದರು. ಇದರಲ್ಲಿ ಮೂರು ಹಂತಗಳಿವೆ. ಮೊದಲು, ಏನು, ಎಷ್ಟು, ಯಾವಾಗ ಉಣ್ಣಬೇಕೆಂಬುದನ್ನು ತಂದೆತಾಯಿ ಒಂದೇ ಮಾತಿನವರಾಗಿ ನಿರ್ಧರಿಸುತ್ತಾರೆ. ತೂಕ ಸುಧಾರಿಸಿದಂತೆ ಆ ಹೊಣೆಯನ್ನು ಸ್ವಲ್ಪ ಸ್ವಲ್ಪವಾಗಿ ಮಗಳಿಗೆ ಮರಳಿಸುತ್ತಾರೆ. ಕೊನೆಗೆ ಹರೆಯದ ಸಹಜ ಪ್ರಶ್ನೆಗಳ ಮಾತು. ಕಾಯಿಲೆ ಯಾರ ತಪ್ಪಿನಿಂದ ಬಂತೆಂದು ಇಲ್ಲಿ ಹುಡುಕುವುದಿಲ್ಲ. ಹೋರಾಟ ಕಾಯಿಲೆಯ ಮೇಲೆಯೇ ಹೊರತು ಮಗಳ ಮೇಲಲ್ಲ.

ಇದನ್ನು ರಾಮಬಾಣವೆನ್ನುವಂತಿಲ್ಲ. 2010ರಲ್ಲಿ ಪ್ರಕಟವಾದ, 121 ಹದಿಹರೆಯದವರ ಅಧ್ಯಯನದಲ್ಲಿ, ಚಿಕಿತ್ಸೆ ಮುಗಿದು ಒಂದು ವರ್ಷದ ಬಳಿಕ ಪೂರ್ಣ ಗುಣಮುಖರಾಗಿದ್ದವರು ಕುಟುಂಬದ ಗುಂಪಿನಲ್ಲಿ ಶೇಕಡಾ 49, ವೈಯಕ್ತಿಕ ಚಿಕಿತ್ಸೆಯ ಗುಂಪಿನಲ್ಲಿ 23. ಅಂದರೆ ಹೊಸ ವಿಧಾನದಲ್ಲೂ ಅರ್ಧದಷ್ಟು ಮಂದಿಗೆ ಇನ್ನೂ ನೆರವು ಬೇಕಿತ್ತು. ದೇಹ ತೀರ ಕುಗ್ಗಿದ್ದರೆ ಆಸ್ಪತ್ರೆ ಅನಿವಾರ್ಯ. ಮನೆಯಲ್ಲೇ ಹಿಂಸೆಯಿದ್ದರೆ ಬೇರೆ ದಾರಿ ಹುಡುಕಬೇಕು. ಆದರೂ ಅದೇ ವರ್ಷ ತಜ್ಞರ ಅಂತರರಾಷ್ಟ್ರೀಯ ಸಂಘಟನೆಯೊಂದು, ಕುಟುಂಬವೇ ಈ ಕಾಯಿಲೆಯ ಮೂಲ ಕಾರಣವೆನ್ನುವುದು ಸರಿಯಲ್ಲ ಎಂದು ಸ್ಪಷ್ಟವಾಗಿ ಘೋಷಿಸಿತು. ಒಂದು ಶತಮಾನದ ಆರೋಪ ಹೀಗೆ ಕಳಚಿಬಿತ್ತು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಗೆಳತಿಯೋ ಗೆಳೆಯನೋ ಊಟ ತಪ್ಪಿಸುತ್ತ ಸೊರಗುತ್ತಿದ್ದರೆ ಅದನ್ನು ಹಟವೆಂದು ನಗಬೇಡಿ, ಡಯಟ್ ಎಂದು ಹೊಗಳಲೂ ಬೇಡಿ. ನಂಬಿಕೆಯ ಹಿರಿಯರೊಬ್ಬರಿಗೆ ತಿಳಿಸಿ. 2022ರಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ-ಮಾನಸ್ ದೂರವಾಣಿ ಸೇವೆಯನ್ನು 14416 ಸಂಖ್ಯೆಯಲ್ಲಿ ಉಚಿತವಾಗಿ ಸಂಪರ್ಕಿಸಬಹುದು. ವೈದ್ಯರು ಹೊರಗೆ ನಿಲ್ಲಿಸಿದ್ದ ತಾಯಿತಂದೆಯರು ಇಂದು ಮಗುವಿನ ಪಕ್ಕದಲ್ಲೇ ಕುಳಿತಿದ್ದಾರೆ. ಆ ಪಂಕ್ತಿಯಲ್ಲಿ ಸ್ನೇಹಿತರಿಗೂ ಒಂದು ಎಲೆ ಇದೆ.